ಮೊಟ್ಟೆ ಇಡಲು ಹೊರಟ ಮೀನಿಗೆ ದಾರಿ ಬಿಡಿ

ಮಾನ್ಯ ಸಂಪಾದಕರೇ,

ಕೆನಡಾದ ವ್ಯಾಂಕೂವರ್ ದ್ವೀಪದ ಸಾಲ್ಮನ್ ಬೇಟೆ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬರಹ ಓದಿದೆ. ಚಿತ್ರಗಳು ಚೆನ್ನಾಗಿದ್ದವು. ಆದರೆ ಸೀಸನ್ ಮುಗಿಯುವ ಹೊತ್ತಿಗೆ ಹೋದರೆ ದೊಡ್ಡ ಮೀನು ಸಲೀಸಾಗಿ ಸಿಗುತ್ತದೆ ಎಂಬಲ್ಲಿಗೆ ಬರಹ ನಿಂತುಬಿಟ್ಟಿದೆ. ಯಾಕೆ ಸಿಗುತ್ತದೆ, ಸಿಕ್ಕ ಮೀನನ್ನು ಅಲ್ಲಿಯವರು ಏನು ಮಾಡುತ್ತಾರೆ ಅನ್ನುವುದೇ ಮುಖ್ಯ ಅಲ್ವಾ? ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಮಗಳು, ಅಳಿಯ ಆ ದ್ವೀಪದ ಕ್ಯಾಂಬೆಲ್ ರಿವರ್ ಊರಲ್ಲಿದ್ದಾರೆ. ಹೋದ ವರ್ಷ ಸೆಪ್ಟೆಂಬರ್, ಅಕ್ಟೋಬರ್ ನಾನೂ ಅಲ್ಲಿದ್ದೆ. ನಮ್ಮದು ಮುನಿರಾಬಾದಿನ ಅಂಬಿಗರ ಮನೆ. ಅಪ್ಪ ತುಂಗಭದ್ರೆಯಲ್ಲಿ ಹರಿಗೋಲು ಹಾಕಿ ಬಲೆ ಬಿಟ್ಟವರು. ಅವ್ವ ಬುಟ್ಟಿ ಹೊತ್ತು ಮೀನು ಮಾರಿದಳು, ಅವಳ ನಂತರ ನಾನು ಮಾರಿದೆ. ಊರು ನೋಡಲು ಹೋದರೂ ನನ್ನ ಕಣ್ಣೆಲ್ಲ ಮೀನಿನ ಮೇಲೇ.

ಆ ತಿಂಗಳುಗಳಲ್ಲಿ ಅಲ್ಲಿನ ಕಡಲು ಬೇಸಿಗೆಯ ಹಾಗೆ ಸುಮ್ಮನಿರುವುದಿಲ್ಲ. ಆಗ್ನೇಯದಿಂದ ಗಾಳಿ ಏಳುತ್ತದೆ, ಹಿಂದೆಯೇ ಮಳೆ. ಊರಿನ ಉತ್ತರಕ್ಕೆ ಸೀಮೋರ್ ನ್ಯಾರೋಸ್ ಎಂಬ ಇಕ್ಕಟ್ಟಾದ ಕಡಲ ದಾರಿ ಇದೆ. ಅಲ್ಲಿ ಉಬ್ಬರ ಇಳಿತದ ಸೆಳೆತ ಗಂಟೆಗೆ ಸುಮಾರು 28 ಕಿಲೋಮೀಟರ್ ಮುಟ್ಟುವುದೂ ಉಂಟು. ನೀರಡಿಯಲ್ಲಿದ್ದು ಹಡಗುಗಳನ್ನು ಒಡೆಯುತ್ತಿದ್ದ ಒಂದು ಬಂಡೆಯನ್ನು 1958ರಲ್ಲಿ ಸಿಡಿಮದ್ದಿಟ್ಟು ಒಡೆದರಂತೆ. ಅಳಿಯಂದಿರು ಹಿಂದಿನ ರಾತ್ರಿಯೇ ಗಾಳಿಯ ಸುದ್ದಿ, ಉಬ್ಬರ ಇಳಿತದ ಪಟ್ಟಿ ಎರಡನ್ನೂ ನೋಡಿಕೊಳ್ಳುತ್ತಿದ್ದರು. ಗಾಳಿ ಜಾಸ್ತಿ ಅಂದರೆ ದೋಣಿ ಇಳಿಸುವ ಮಾತೇ ಇಲ್ಲ. ಸೆಳೆತ ನಿಂತು ತಿರುಗುತ್ತದಲ್ಲ, ಮೀನು ಚೆನ್ನಾಗಿ ಕಚ್ಚುವುದು ಆ ಸ್ವಲ್ಪ ಹೊತ್ತಿನಲ್ಲಿ.

ಅಲ್ಲಿ ಟೈಯಿ ಕ್ಲಬ್ ಅಂತ ಒಂದಿದೆ, 1924ರಲ್ಲಿ ಶುರುವಾದದ್ದು. ಅದರ ಸದಸ್ಯರಾಗಬೇಕೆಂದರೆ ಇಂಜಿನ್ ಹಾಕುವಂತಿಲ್ಲ, ಹುಟ್ಟು ಹಾಕುವ ದೋಣಿಯಲ್ಲೇ 30 ಪೌಂಡ್, ಅಂದರೆ ಹದಿಮೂರೂವರೆ ಕಿಲೋ ಮೀರಿದ ಚಿನೂಕ್ ಸಾಲ್ಮನ್ ಹಿಡಿಯಬೇಕು. ಅದೂ ಜುಲೈ 15ರಿಂದ ಸೆಪ್ಟೆಂಬರ್ 15ರವರೆಗೆ ಮಾತ್ರ. ಹೊಳೆ ಕಡಲು ಸೇರುವ ಬಾಯಲ್ಲಿ ಆ ದೋಣಿಗಳು ಸದ್ದಿಲ್ಲದೆ ತಿರುಗುವುದನ್ನು ದಡದಲ್ಲಿ ನಿಂತು ನೋಡಿದೆ. ಅಪ್ಪ ನೆನಪಾದರು.

ಚಿನೂಕ್ ಮುಗಿಯುತ್ತ ಬಂದಂತೆ ಕೋಹೊ ಬರುತ್ತದೆ, ಅದರ ಹಿಂದೆ ಚಮ್. ಈ ಸಾಲ್ಮನ್ ಮೀನುಗಳೆಲ್ಲ ಹೊಳೆಯಲ್ಲಿ ಹುಟ್ಟಿ, ಕಡಲಿಗೆ ಹೋಗಿ ಬೆಳೆದು, ಮೊಟ್ಟೆ ಇಡಲು ಹುಟ್ಟಿದ ಹೊಳೆಗೇ ವಾಪಸ್ ಬರುತ್ತವೆ. ಮೊಟ್ಟೆ ಇಟ್ಟ ಮೇಲೆ ಸಾಯುತ್ತವೆ. ಹೊಳೆಯಲ್ಲಿ ನೀರು ಕಡಿಮೆ ಇದ್ದರೆ ಮಳೆ ಬರುವ ತನಕ ಬಾಯಲ್ಲೇ, ಉಪ್ಪುನೀರಿನಲ್ಲೇ ಗುಂಪುಗುಂಪಾಗಿ ಕಾಯುತ್ತವೆ. ಮಳೆ ತಡವಾದಷ್ಟೂ ಗುಂಪು ದೊಡ್ಡದು. ನಿಮ್ಮ ಬರಹದಲ್ಲಿರುವ ‘ಸಲೀಸು’ ಇದೇ. ಬಸಿರು ಮೀನು ಓಡಿ ಹೋಗದೆ ಒಂದು ಕಡೆ ನಿಂತಿರುತ್ತದೆ.

ಅಷ್ಟು ಸುಲಭಕ್ಕೆ ಸಿಗುತ್ತದೆ ಎಂದೇ ಅಲ್ಲಿ ಕಟ್ಟುನಿಟ್ಟು ಜಾಸ್ತಿ. ಲೈಸೆನ್ಸ್ ಬೇಕು. ಸಾಲ್ಮನ್ ಮನೆಗೆ ಒಯ್ಯಬೇಕೆಂದರೆ ಅದರ ಮೇಲೊಂದು ಸ್ಟಾಂಪಿಗೆ ದುಡ್ಡು ಕಟ್ಟಬೇಕು. ಎಲ್ಲ ಜಾತಿ ಸೇರಿ ದಿನಕ್ಕೆ ನಾಲ್ಕು ಸಾಲ್ಮನ್ ಮೀರುವಂತಿಲ್ಲ. ಚಿನೂಕ್ ಇಟ್ಟುಕೊಂಡರೆ ಅಲ್ಲೇ ನಿಂತು ತಾರೀಖು, ಜಾಗ ಬರೆಯಬೇಕು. ಕೆಲವು ಜಾಗ ಪೂರ್ತಿ ಬಂದ್. ಚಿನೂಕನ್ನೇ ನಂಬಿ ಬದುಕುವ ಕೊಲೆಗಾರ ತಿಮಿಂಗಿಲಗಳ ಒಂದು ಗುಂಪು ಅಳಿವಿನಂಚಿಗೆ ಬಂದಿದೆ, ಅವುಗಳ ಹೊಟ್ಟೆಗೂ ಬಿಡಬೇಕು ಎಂದು ಚಿನೂಕ್ ಹಿಡಿಯುವುದಕ್ಕೆ ಇನ್ನಷ್ಟು ಮಿತಿ ಹಾಕಿದ್ದಾರೆ. ಗಾಳದ ತುದಿಯಲ್ಲಿ ಹಿಂದಕ್ಕೆ ಚಾಚಿದ ಚಿಕ್ಕ ಮುಳ್ಳು ಇರುತ್ತದಲ್ಲ, ಸಾಲ್ಮನ್ ಹಿಡಿಯಲು ಅಂಥ ಗಾಳ ಹಾಕುವಂತಿಲ್ಲ. ಮುಳ್ಳಿಲ್ಲದಿದ್ದರೆ ಬಾಯಿ ಹರಿಯದೆ ಗಾಳ ಬಿಡಿಸಬಹುದು.

ಅದನ್ನು ನಾನೇ ಕಣ್ಣಾರೆ ನೋಡಿದೆ. ಮಳೆ ಹನಿಯುತ್ತಿತ್ತು. ಸೀಸದ ಭಾರ ಕಟ್ಟಿ ಆಳಕ್ಕೆ ಬಿಟ್ಟ ಗಾಳಕ್ಕೆ ಕೋಹೊ ಬಿತ್ತು. ಬೆಳ್ಳಿ ಮೈ, ಬೆನ್ನು ಕಡುನೀಲಿ, ಹೊಟ್ಟೆ ತುಂಬಿಕೊಂಡಿತ್ತು. ನಮ್ಮ ಸಂತೆಯಲ್ಲಾದರೆ ಕೈಗೆ ಕೈ ಹೊಡೆದು ಕೊಳ್ಳುವಂಥ ಮೀನು. ಅಳಿಯಂದಿರು ಅದನ್ನು ನೀರಿನಿಂದ ಎತ್ತಲೇ ಇಲ್ಲ. ಬಗ್ಗಿ ಬಾಲದ ಹತ್ತಿರ ನೋಡಿದರು. ಅಲ್ಲಿ, ಬೆನ್ನ ಮೇಲೆ, ಬೆರಳ ತುದಿಯಷ್ಟು ಒಂದು ಮೆತ್ತನೆಯ ರೆಕ್ಕೆ ಇತ್ತು. ‘ಅತ್ತೆ, ರೆಕ್ಕೆ ಇದೆ, ಇದು ಹೊಳೆಯಲ್ಲೇ ಹುಟ್ಟಿದ್ದು, ಬಿಡಬೇಕು’ ಎಂದವರೇ ಇಕ್ಕಳದಲ್ಲಿ ಗಾಳ ತಿರುವಿದರು. ಮೀನು ಒಂದು ಸಲ ಬಾಲ ಬಡಿದು ಹೋಯಿತು. ಸುತ್ತ ಒಂದು ದೋಣಿ ಇಲ್ಲ, ಕೇಳುವ ಅಧಿಕಾರಿ ಇಲ್ಲ. ಆದರೂ ಬಿಟ್ಟರು.

ಮೀನುಮರಿ ಕೇಂದ್ರಗಳಲ್ಲಿ ಮರಿ ಮಾಡಿ ಹೊಳೆಗೆ ಬಿಡುವಾಗ ಬಹಳಷ್ಟು ಕೋಹೊ ಮರಿಗಳ ಆ ಚಿಕ್ಕ ರೆಕ್ಕೆ ಕತ್ತರಿಸುತ್ತಾರೆ. ಕ್ಯಾಂಬೆಲ್ ರಿವರ್ ಹತ್ತಿರದ ಕ್ವಿನ್ಸಮ್ ಕೇಂದ್ರ 1974ರಿಂದ ಇದೆ, ಹೋಗಿ ನೋಡಿ ಬಂದೆ. ನಾವು ಹೋದ ಜಾಗದಲ್ಲಿ ಆಗ ರೆಕ್ಕೆ ಇಲ್ಲದ ಕೋಹೊ ಮಾತ್ರ ಮನೆಗೆ. ಓದು ಬರಹ ಬಾರದವರಿಗೂ ಬೆರಳಲ್ಲಿ ತಡವಿ ತಿಳಿಯುವ ಗುರುತು ಅದು. ನನಗೆ ಭಾಳ ಇಷ್ಟವಾಯಿತು.

ಈಗ ನಮ್ಮ ಹೊಳೆಗೆ ಬರುತ್ತೇನೆ. ಕಟ್ಲಾ, ರೋಹು, ಮೃಗಾಲ್ ಮೊಟ್ಟೆ ಇಡುವುದು ಮಳೆಗಾಲದಲ್ಲಿ. ಹೊಸ ನೀರು ಬಂತೆಂದರೆ ಮೀನು ಎದುರು ಈಜುತ್ತದೆ. ಬಂದ ಮೀನು ತುಂಗಭದ್ರಾ ಡ್ಯಾಂ ಗೋಡೆ ದಾಟಲಾರದೆ ಕೆಳಗೇ ಸೇರುತ್ತದೆ. ಗೇಟ್ ತೆಗೆದ ಮರುದಿನ ಸೇತುವೆ ಮೇಲೆ, ಬಂಡೆ ಮೇಲೆ ಬಲೆ ಹಿಡಿದು ನಿಂತವರನ್ನು ನೀವೂ ಫೋಟೊ ಹಾಕುತ್ತೀರಿ. ಅಲ್ಲಿ ಹೊಳೆಯ ಬಾಯಲ್ಲಿ ಕಾಯುವ ಸಾಲ್ಮನ್ ಹೇಗೋ, ಇಲ್ಲಿ ಡ್ಯಾಂ ಕೆಳಗೆ ನಿಂತ ಕಟ್ಲಾ ಹಾಗೆ. ಕೋಹೊ ಹೊಟ್ಟೆಯಲ್ಲಿ ಎರಡು ಮೂರು ಸಾವಿರ ಮೊಟ್ಟೆ ಇದ್ದರೆ, ದೊಡ್ಡ ಕಟ್ಲಾದಲ್ಲಿ ಲಕ್ಷಗಟ್ಟಲೆ. ಒತ್ತಿದರೆ ಸಾಕು, ಮೊಟ್ಟೆ ಕೈತುಂಬ ಸುರಿಯುತ್ತದೆ. ಗಿರಾಕಿಗಳು ‘ಮೊಟ್ಟೆ ಇರೋದೇ ಕೊಡವ್ವ’ ಎಂದು ಕೇಳಿ ಒಯ್ಯುತ್ತಾರೆ. ಸಾಲ್ಮನ್ ಹಾಗೆ ನಮ್ಮ ಮೀನು ಒಂದೇ ಸಲ ಮೊಟ್ಟೆ ಇಟ್ಟು ಸಾಯುವುದಿಲ್ಲ. ಉಳಿಸಿದರೆ ಮುಂದಿನ ವರ್ಷವೂ ಇಡುತ್ತದೆ. ಇದೇ ಹೊಳೆಯ ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರನ್ನು 2015ರಲ್ಲಿ ನೀರುನಾಯಿಗೆಂದು ಕಾಯ್ದಿಟ್ಟಿದ್ದೇವೆ. ನೀರುನಾಯಿ ತಿನ್ನುವುದು ಮೀನನ್ನೇ ತಾನೆ?

ಒಂದು ಮಾತು ಮರೆಯಬಾರದು. ಅಲ್ಲಿ ನಾನು ನೋಡಿದ್ದು ಹವ್ಯಾಸದ ಬೇಟೆ. ಮೀನು ಬಿಟ್ಟು ಬಂದರೆ ಯಾರ ಮನೆಯ ಒಲೆಯೂ ಆರುವುದಿಲ್ಲ. ನಮ್ಮಲ್ಲಿ ಆರುತ್ತದೆ. ‘ಹಿಡಿಯಬೇಡಿ’ ಎಂದು ಬರೀ ಬಾಯಲ್ಲಿ ಹೇಳುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಮೀನುಗಾರರು ಸ್ವಲ್ಪ ಕಟ್ಟಿ, ಸರ್ಕಾರ ಅದಕ್ಕೆ ಸೇರಿಸಿ, ಕೆಲಸವಿಲ್ಲದ ತಿಂಗಳಲ್ಲಿ ಕೊಡುವ ಉಳಿತಾಯ ಪರಿಹಾರ ಯೋಜನೆ ಇದೆ. ಒಳನಾಡಿನವರಿಗೂ ಅದು ಸಿಗಬೇಕು. ನಮ್ಮ ಕೇರಿಯಲ್ಲಿ ಆ ಹೆಸರು ಕೇಳಿದವರೇ ಕಡಿಮೆ.

ಹೊಸ ನೀರು ಬರುವ ವಾರಗಳಲ್ಲಿ ಡ್ಯಾಂ ಕೆಳಗೆ ಬಲೆ ನಿಲ್ಲಲಿ. ಆ ವಾರಗಳ ದುಡ್ಡು ಮೀನುಗಾರರ ಖಾತೆಗೆ ಬಲೆ ನಿಲ್ಲುವ ಮೊದಲೇ ಬರಲಿ, ದೀಪಾವಳಿಗಲ್ಲ. ಮೀನು ಇಳಿಸುವ ಕಡೆ, ಸಂತೆಯಲ್ಲಿ, ಚಿತ್ರ ಹಾಕಿ ಕನ್ನಡದಲ್ಲಿ ಬೋರ್ಡ್ ನಿಲ್ಲಿಸಲಿ: ಯಾವ ತಿಂಗಳು ಬೇಡ, ಎಷ್ಟು ಸಣ್ಣದನ್ನು ಬಿಡಬೇಕು. ಮೀನು ಮಾರುವ ನಮ್ಮ ಕೇರಿಯ ಹೆಂಗಸರ ಜೊತೆ ಮಾತಾಡಿದ್ದೇನೆ. ದುಡ್ಡು ಹೊತ್ತಿಗೆ ಬಂದರೆ ಆ ವಾರಗಳಲ್ಲಿ ಮೊಟ್ಟೆ ಮೀನು ಬುಟ್ಟಿಗೆ ಹಾಕುವುದಿಲ್ಲ ಎಂದು ಒಪ್ಪಿದ್ದಾರೆ. ಮೇ ಮುಗಿಯುವುದರೊಳಗೆ ಅಧಿಕಾರಿಗಳು ಮುನಿರಾಬಾದಿಗೆ ಬಂದು ನಮ್ಮನ್ನು ಕೂರಿಸಿ ಒಂದು ಸಭೆ ಮಾಡಲಿ. ನಿಮ್ಮ ವರದಿಗಾರರೂ ಬರಲಿ.

— ಒಬ್ಬ ಓದುಗಳು, ಮುನಿರಾಬಾದ್, ಕೊಪ್ಪಳ ಜಿಲ್ಲೆ