ಗುಂಡಿಗೆಯನ್ನು ಕೈಯಲ್ಲಿ ಹಿಡಿದು ಓದು

ಪಾದುವಾ, ಇಟಲಿ

ಅಪ್ಪ, ಅಮ್ಮನಿಗೆ ನಮಸ್ಕಾರಗಳು. ಪುಟ್ಟಿಗೆ ಅಕ್ಕನ ಪ್ರೀತಿ.

ನಾನು ಕ್ಷೇಮ. ಆಲೂರಿನ ಕಡೆ ಮಳೆ ಹಿಡಿದಿದೆ ಅಂತ ಅಪ್ಪ ಹೇಳಿದ್ದರು, ಹುಷಾರಾಗಿರಿ. ಈ ಪತ್ರ ಹೆಚ್ಚಾಗಿ ಪುಟ್ಟಿಗೆ. ಆದರೆ ಅಪ್ಪನ ತೋಳು, ಅಮ್ಮನ ಅಡುಗೆಮನೆ ಎರಡೂ ಬೇಕಾಗುತ್ತವೆ, ಹಾಗಾಗಿ ಮೂವರೂ ಓದಿ.

ಪುಟ್ಟಿ, ಅನಾಟಮಿ (ದೇಹದ ರಚನೆ) ಪುಸ್ತಕ ತೆರೆದರೆ ಬರೀ ಹೆಸರುಗಳೇ, ಒಂದೂ ತಲೆಯಲ್ಲಿ ನಿಲ್ಲಲ್ಲ ಅಂದೆಯಲ್ಲ. ಹೆಸರನ್ನೇ ಮೊದಲು ಹಿಡಿಯಲು ಹೋದರೆ ಹಾಗೇ ಆಗುವುದು. ಯಾವ ಅಂಗವೇ ಇರಲಿ, ಎಲ್ಲಿದೆ ಅಂತ ಮೊದಲು ನಿನ್ನ ಮೈಮೇಲೆ ಕೈಯಿಟ್ಟು ಗುರುತಿಸು. ಏನು ಕೆಲಸ ಮಾಡುತ್ತದೆ, ಆ ಕೆಲಸಕ್ಕೆ ಈ ಆಕಾರ ಯಾಕೆ ಬೇಕಾಯಿತು ಅಂತ ಆಮೇಲೆ ಕೇಳು. ಹೆಸರು ಕೊನೆಗೆ ಬರಲಿ. ಅನಾಟಮಿ ಒಂದು ದಿನ, ಫಿಸಿಯಾಲಜಿ (ಅಂಗಗಳ ಕೆಲಸ) ಇನ್ನೊಂದು ದಿನ ಅಂತ ಇಡಬೇಡ. ಒಂದು ಅಂಗದ ಎರಡೂ ಪಾಠ ಒಂದೇ ದಿನ ಓದು.

ಶುರುವಿನಲ್ಲಿ ಎಲ್ಲರೂ ಎಡವುವುದು ಎಡ ಬಲದಲ್ಲಿ. ಚಿತ್ರದಲ್ಲಿರುವವರು ಅಂಗೈ ಮುಂದೆ ಮಾಡಿ ನಿನ್ನೆದುರು ನಿಂತಿರುತ್ತಾರೆ, ಅವರ ಬಲ ನಿನ್ನ ಹಾಳೆಯ ಎಡಕ್ಕೆ ಬರುತ್ತದೆ. ಚಿತ್ರ ಬರೆಯುವ ಮೊದಲೇ ಹಾಳೆಯ ಎಡತುದಿಯಲ್ಲಿ ‘ಬಲ’ ಅಂತ ಬರೆದುಬಿಡು. ನೀನೂ ಹಾಗೇ ಅಂಗೈ ಮುಂದೆ ಮಾಡಿ ನಿಂತು ನೋಡು: ಮುಂಗೈಯಲ್ಲಿ ಹೆಬ್ಬೆರಳ ಕಡೆಯ ಮೂಳೆ ರೇಡಿಯಸ್, ಕಿರುಬೆರಳ ಕಡೆಯದು ಅಲ್ನಾ. ಅಂಗೈಯನ್ನು ಹಿಂದಕ್ಕೆ ತಿರುಗಿಸಿದರೆ ಅಲ್ನಾ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ, ರೇಡಿಯಸ್ ಅದರ ಮೇಲೆ ಅಡ್ಡಲಾಗಿ ಹೊರಳುತ್ತದೆ. ಇನ್ನೊಂದು ಕೈಯಿಂದ ಮುಂಗೈ ಹಿಡಿದುಕೊಂಡು ತಿರುಗಿಸು, ಬೆರಳಿಗೇ ತಿಳಿಯುತ್ತದೆ.

ನೋಟ್‌ಬುಕ್ಕಿನಲ್ಲಿ ಮೂರು ಸಾಲು ಎಳೆದುಕೋ. ಹೈಸ್ಕೂಲಿನ ಕನ್ನಡ ಪುಸ್ತಕದಲ್ಲಿದ್ದ ಪದ ಒಂದು ಕಡೆ, ಈಗಿನ ಇಂಗ್ಲಿಷ್ ಪದ ನಡುವೆ, ಮನೆಮಾತು ಕೊನೆಗೆ. ಪಿತ್ತಜನಕಾಂಗ, ಲಿವರ್, ಕಾರ್ಜ. ಹೃದಯ, ಹಾರ್ಟ್, ಗುಂಡಿಗೆ. ಮೀನಖಂಡ, ಕಂಕುಳು, ಹಿಮ್ಮಡಿ, ಮಂಡಿಚಿಪ್ಪು ಇವೆಲ್ಲ ನಿನಗೆ ಚಿಕ್ಕಂದಿನಿಂದ ಗೊತ್ತಿರುವ ಅನಾಟಮಿಯೇ ಕಣೇ. ಉದ್ದದ ಹೆಸರು ಬಂದರೆ ಒಡೆದು ನೋಡು. ಸ್ಟರ್ನೋಕ್ಲೈಡೋಮಾಸ್ಟಾಯ್ಡ್ ಅಂದರೆ ಎದೆಮೂಳೆ ಸ್ಟರ್ನಮ್, ಕೊರಳ ಬುಡದ ಕ್ಲಾವಿಕಲ್, ಕಿವಿಯ ಹಿಂದಿನ ಮಾಸ್ಟಾಯ್ಡ್ ಉಬ್ಬು, ಈ ಮೂರಕ್ಕೂ ಅಂಟಿಕೊಂಡ ಸ್ನಾಯು. ಮುಖವನ್ನು ಎಡಕ್ಕೆ ತಿರುಗಿಸು, ಬಲಗಡೆಯದು ಹಗ್ಗದ ಹಾಗೆ ಎದ್ದು ನಿಲ್ಲುತ್ತದೆ.

ಮೂಳೆಗಳ ವಿಷಯದಲ್ಲಿ ಹೆದರಬೇಡ. ದೊಡ್ಡವರಲ್ಲಿ ಒಟ್ಟು 206, ಅದರಲ್ಲಿ ಎರಡು ಕೈ, ಎರಡು ಪಾದಗಳಲ್ಲೇ 106. ಮಣಿಕಟ್ಟಿನಿಂದ ಬೆರಳ ತುದಿಯವರೆಗೆ ಒಂದು ಕೈಗೆ 27, ಒಂದು ಪಾದಕ್ಕೆ 26. ಒಂದು ಕೈ, ಒಂದು ಪಾದ ಸರಿಯಾಗಿ ಕಲಿತರೆ ಅರ್ಧಕ್ಕಿಂತ ಹೆಚ್ಚು ಲೆಕ್ಕ ಮುಗಿಯಿತು. ನಲ್ಲಿ ಮೂಳೆ ಸಾರಿಗೆ ಬಂದಾಗ ಉದ್ದುದ್ದ ಸೀಳಿಸಿ ನೋಡು. ನಡುವೆ ಗಟ್ಟಿ ಕೊಳವೆ, ತುದಿಯಲ್ಲಿ ಜೇನುಗೂಡಿನಂಥ ಸ್ಪಂಜು. ದೊಡ್ಡವರಲ್ಲಿ ರಕ್ತಕಣ ಹುಟ್ಟುವ ಕೆಂಪು ಮಜ್ಜೆ ಹೆಚ್ಚಾಗಿ ಎದೆಮೂಳೆ, ಸೊಂಟದ ಮೂಳೆ, ಬೆನ್ನುಮೂಳೆ, ಪಕ್ಕೆಲುಬುಗಳಲ್ಲಿ ಇರುತ್ತದೆ. ಉದ್ದ ಮೂಳೆಯ ನಡುಭಾಗದಲ್ಲಿ ತುಂಬಿರುವುದು ಹಳದಿ ಕೊಬ್ಬಿನ ಮಜ್ಜೆ. ಸೊಂಟದ ಮೂಳೆಯ ಮೇಲಂಚನ್ನು ಮಾತ್ರ ಚೆನ್ನಾಗಿ ತಡವಿ ಕಲಿ. ಪೃಷ್ಠವನ್ನು ಮನಸ್ಸಿನಲ್ಲಿ ನಾಲ್ಕು ಭಾಗ ಮಾಡಿದರೆ ಇಂಜೆಕ್ಷನ್‌ಗೆ ಮೇಲಿನ ಹೊರ ಭಾಗವನ್ನೇ ಆರಿಸುವುದು, ಕೆಳಗೆ ಒಳಗಡೆಯಲ್ಲಿ ಸಯಾಟಿಕ್ ನರ ಹಾದುಹೋಗುತ್ತದೆ ಎಂಬ ಕಾರಣಕ್ಕೆ. ಅದಕ್ಕೆ ಸೂಜಿ ತಗುಲಿದರೆ ಕಾಲೇ ಬಲ ಕಳೆದುಕೊಳ್ಳಬಹುದು. ಆ ನಾಲ್ಕು ಭಾಗದ ಗೆರೆ ಎಳೆಯುವುದೇ ಈ ಮೂಳೆಯ ಅಂಚನ್ನು ಹಿಡಿದು.

ಈಗ ಗುಂಡಿಗೆ. ಇದಕ್ಕೆ ಒಂದು ಇಡೀ ಭಾನುವಾರ ಕೊಡು.

ಅಪ್ಪ, ಮಾಂಸದಂಗಡಿಯವರಿಗೆ ಒಂದು ದಿನ ಮುಂಚೆಯೇ ಹೇಳಿಬಿಡಿ: ಕುರಿಯದೋ ಮೇಕೆಯದೋ ಗುಂಡಿಗೆ, ಸೀಳಿರಬಾರದು, ಮೇಲಿನ ನಾಳಗಳನ್ನು ಬುಡಕ್ಕೆ ಕತ್ತರಿಸದೆ ಎರಡು ಬೆರಳಗಲ ಉಳಿಸಿರಬೇಕು. ಹೇಳದಿದ್ದರೆ ಹೆಪ್ಪುರಕ್ತ ತೆಗೆಯಲು ಸೀಳಿಯೇ ಕೊಡುತ್ತಾರೆ. ಆಗ ಅರ್ಧ ಪಾಠ ಹೋಯಿತು.

ಪುಟ್ಟಿ, ಕೈಗೆ ಗ್ಲೌಸ್ ಹಾಕಿಕೋ. ತಣ್ಣೀರಲ್ಲಿ ಮೆಲ್ಲಗೆ ಹಿಸುಕುತ್ತಾ ಹೆಪ್ಪುರಕ್ತವನ್ನೆಲ್ಲ ಹೊರಡಿಸು. ಎರಡೂ ಬದಿ ಒತ್ತಿ ನೋಡು. ಗಟ್ಟಿಯಾಗಿರುವುದು ಎಡ ಹೃತ್ಕುಕ್ಷಿ (ಕೆಳಗಿನ ಕೋಣೆ), ಮೆತ್ತಗೆ ತಗ್ಗುವುದು ಬಲ. ಚೂರಿ ಮುಟ್ಟುವ ಮೊದಲೇ ನಾಳಗಳನ್ನು ನೋಡಬೇಕು. ದಪ್ಪ ಗೋಡೆಯಿದ್ದು ಬಾಯಿ ತೆರೆದೇ ನಿಂತಿರುವುದು ಅಯೋರ್ಟಾ, ಗುಂಡಿಗೆಯಿಂದ ಮೈಗೆ ರಕ್ತ ಒಯ್ಯುವ ದೊಡ್ಡ ನಾಳ. ಮೈಯಿಂದ ರಕ್ತ ಮರಳಿ ತರುವ ವೀನಾ ಕೇವಾ ತೆಳ್ಳಗೆ ಕುಸಿದಿರುತ್ತದೆ. ಕಿರುಬೆರಳು ತೂರಿಸಿ ಯಾವುದು ಯಾವ ಕೋಣೆಗೆ ಇಳಿಯುತ್ತದೆ ನೋಡಿಕೋ. ಈಗ ಅಯೋರ್ಟಾವನ್ನು ನೆಟ್ಟಗೆ ಹಿಡಿದು ಮೇಲಿನಿಂದ ನೀರು ಹಾಕು. ನೀರು ಕೆಳಗಿಳಿಯದೆ ನಿಲ್ಲಬೇಕು, ಯಾಕೆಂದರೆ ಒಳಗೆ ಅರ್ಧಚಂದ್ರದಂಥ ಮೂರು ಬಟ್ಟಲು ತುಂಬಿಕೊಂಡು ಒಂದಕ್ಕೊಂದು ಒತ್ತಿ ದಾರಿ ಮುಚ್ಚುತ್ತವೆ. ನಿಲ್ಲದಿದ್ದರೆ ಎರಡು ಕಾರಣ ಇರಬಹುದು: ಬಟ್ಟಲುಗಳ ನಡುವೆ ಹೆಪ್ಪು ಸಿಕ್ಕಿಕೊಂಡಿದೆ, ಇಲ್ಲವೇ ಅಂಗಡಿಯ ಕತ್ತಿ ಬಟ್ಟಲಿಗೇ ತಗುಲಿದೆ.

ಇದಾದ ಮೇಲೆ ಬಲ ಹೃತ್ಕರ್ಣದಿಂದ (ಮೇಲಿನ ಕೋಣೆ) ಕೆಳಮುಖವಾಗಿ ಬಲ ಹೃತ್ಕುಕ್ಷಿಯ ತುದಿಯವರೆಗೆ ಕೊಯ್ಯಿ. ತೆಳುವಾದ ಕವಾಟದ ಹಾಳೆಗಳು, ಅವನ್ನು ಕೆಳಗಿನ ಸ್ನಾಯುಮೊಳೆಗಳಿಗೆ ಕಟ್ಟಿರುವ ಬಿಳಿ ದಾರಗಳು ಕಾಣುತ್ತವೆ. ಈ ದಾರಗಳು ಎಳೆದು ಕವಾಟ ತೆರೆಯುತ್ತವೆ ಅಂತ ಎಷ್ಟೋ ಜನ ಪರೀಕ್ಷೆಯಲ್ಲಿ ಬರೆಯುತ್ತಾರೆ. ತಪ್ಪು. ಕವಾಟ ತೆರೆಯುವುದೂ ಮುಚ್ಚುವುದೂ ಎರಡು ಕಡೆಯ ರಕ್ತದೊತ್ತಡದ ವ್ಯತ್ಯಾಸದಿಂದ. ಹೃತ್ಕುಕ್ಷಿ ಹಿಂಡಿಕೊಂಡಾಗ ಹಾಳೆಗಳು ಗಾಳಿಗೆ ಕೊಡೆ ಮಗುಚಿದ ಹಾಗೆ ಮೇಲಕ್ಕೆ ತಿರುಚಿಕೊಳ್ಳದಂತೆ ಈ ದಾರಗಳು ಹಿಡಿದಿರುತ್ತವೆ, ಅಷ್ಟೇ.

ಆಮೇಲೆ ಎಡಗಡೆಯನ್ನೂ ಹಾಗೇ ಕೊಯ್ದು ಎರಡು ಗೋಡೆಗಳನ್ನು ಪಕ್ಕಪಕ್ಕ ಹಿಡಿ. ಎಡದ್ದು ಸುಮಾರು ಮೂರು ಪಟ್ಟು ದಪ್ಪ. ಎಡಭಾಗ ಹೆಚ್ಚು ರಕ್ತ ತಳ್ಳುತ್ತದೆ ಅಂದುಕೊಳ್ಳಬೇಡ. ಎರಡೂ ಬದಿ ತಳ್ಳುವುದು ಸಮವೇ, ಮನುಷ್ಯರಲ್ಲಿ ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್. ಬಲಭಾಗ ಪಕ್ಕದ ಶ್ವಾಸಕೋಶಕ್ಕೆ ಸುಮಾರು 25 ಮಿಲಿಮೀಟರ್ ಪಾದರಸದ ಒತ್ತಡದಲ್ಲಿ ತಳ್ಳಿದರೆ ಸಾಕು, ಎಡಭಾಗ ಇಡೀ ಮೈಗೆ 120ರಲ್ಲಿ ತಳ್ಳಬೇಕು. ಗೋಡೆ ದಪ್ಪವಾಗಿರುವುದು ಒತ್ತಡಕ್ಕಾಗಿ. ಇದೊಂದು ತಿಳಿದರೆ ಅಧಿಕ ರಕ್ತದೊತ್ತಡ ಇರುವವರ ಎಡ ಹೃತ್ಕುಕ್ಷಿ ಯಾಕೆ ದಪ್ಪವಾಗುತ್ತದೆ ಅನ್ನುವುದನ್ನು ಬೇರೆ ಓದಬೇಕಿಲ್ಲ.

ಎರಡು ಕೋಣೆಗಳ ನಡುವಿನ ಗೋಡೆಯನ್ನು ಬೆಳಕಿಗೆ ಹಿಡಿ, ಬೆರಳಿನಿಂದ ಒತ್ತು. ರಂಧ್ರ ಇಲ್ಲ. ರಕ್ತ ಬಲದಿಂದ ಎಡಕ್ಕೆ ಈ ಗೋಡೆಯ ಕಣ್ಣಿಗೆ ಕಾಣದ ರಂಧ್ರಗಳಿಂದ ಜಿನುಗುತ್ತದೆ ಅಂತ ಗ್ರೀಕ್ ವೈದ್ಯ ಗೇಲನ್ ಬರೆದದ್ದನ್ನು ಯೂರೋಪು ಸಾವಿರಕ್ಕೂ ಹೆಚ್ಚು ವರ್ಷ ನಂಬಿತ್ತು. ಪಾದುವಾದ ಹಳೆಯ ವಿಶ್ವವಿದ್ಯಾಲಯದ ಕಟ್ಟಡದಲ್ಲಿ 1595ರ ಅನಾಟಮಿ ಮಂಟಪ ಈಗಲೂ ನಿಂತಿದೆ. ನಡುವೆ ಹೆಣದ ಮೇಜಿಗೆ ಜಾಗ, ಸುತ್ತ ಮೊಟ್ಟೆಯಾಕಾರದಲ್ಲಿ ಒಂದರ ಮೇಲೊಂದು ಆರು ಸುತ್ತು ಮರದ ಕಟಕಟೆ. ಇಲ್ಲಿ ಕಲಿಸುತ್ತಿದ್ದ ಫ್ಯಾಬ್ರೀಷಿಯಸ್ ಅಭಿಧಮನಿಗಳ (ರಕ್ತವನ್ನು ಗುಂಡಿಗೆಗೆ ಮರಳಿ ತರುವ ನಾಳಗಳ) ಒಳಗಿನ ಕವಾಟಗಳನ್ನು ಚೆನ್ನಾಗಿ ವಿವರಿಸಿದರು, ಆದರೆ ಅವುಗಳ ಕೆಲಸವನ್ನು ತಪ್ಪಾಗಿ ತಿಳಿದರು. 1602ರಲ್ಲಿ ಇಲ್ಲೇ ಪದವಿ ಪಡೆದ ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ ಅದನ್ನು ಸರಿಯಾಗಿ ಓದಿ, ರಕ್ತ ಸುತ್ತುತ್ತದೆ ಅಂತ 1628ರಲ್ಲಿ ಪ್ರಕಟಿಸಿದರು. ಅವರ ಲೆಕ್ಕದ ದಾರಿಯನ್ನು ಈಗಿನ ಸಂಖ್ಯೆಗಳಲ್ಲಿ ನೀನೂ ಮಾಡು: 70 ಮಿಲಿಲೀಟರನ್ನು ನಿಮಿಷದ 72 ಬಡಿತಕ್ಕೆ ಗುಣಿಸಿದರೆ ಸುಮಾರು 5 ಲೀಟರ್. ಮೈಯಲ್ಲಿರುವ ರಕ್ತವೇ ಅಷ್ಟು. ನಿಮಿಷ ನಿಮಿಷಕ್ಕೂ ಅಷ್ಟು ಹೊಸ ರಕ್ತ ಹುಟ್ಟಲು ಸಾಧ್ಯವಿಲ್ಲ, ಅದೇ ರಕ್ತ ಮರಳಿ ಬರಲೇಬೇಕು.

ಹಾರ್ವೆ ಮಾಡಿ ತೋರಿಸಿದ ಪರೀಕ್ಷೆಗೆ ಅಪ್ಪನ ತೋಳು ಬೇಕು. ಗುದ್ದಲಿ ಹಿಡಿದ ಕೈ, ಮುಂಗೈಯ ನರಗಳು ಚೆನ್ನಾಗಿ ಕಾಣುತ್ತವೆ. (ನಾವು ನರ ಅನ್ನುವ ಆ ನೀಲಿ ಗೆರೆಗಳು ನರಗಳಲ್ಲ, ಅಭಿಧಮನಿಗಳು. ಬರೆಯುವಾಗ ಜೋಪಾನ.) ಮೊಣಕೈ ಮೇಲೆ ಬಟ್ಟೆ ಕಟ್ಟು. ಮಣಿಕಟ್ಟಿನ ನಾಡಿ ಸಿಗುತ್ತಲೇ ಇರಬೇಕು, ಅಷ್ಟೇ ಬಿಗಿ. ನಾಡಿ ನಿಂತರೆ ರಕ್ತ ಒಳಗೇ ಬರುವುದಿಲ್ಲ, ನರ ಉಬ್ಬುವುದಿಲ್ಲ. ನಾಡಿಯನ್ನು ತೋರು ಮತ್ತು ನಡು ಬೆರಳಿನಿಂದ ನೋಡು, ಹೆಬ್ಬೆರಳಿಗೆ ತನ್ನದೇ ಮಿಡಿತ ಇದೆ. ಮುಷ್ಟಿ ಕಟ್ಟಿಸು. ನರದ ಮೇಲೆ ಅಲ್ಲಲ್ಲಿ ಗಂಟು ಕಾಣುವ ಕಡೆ ಕವಾಟ ಇದೆ. ಗಂಟಿನಿಂದ ಅಂಗೈ ಕಡೆಗೆ ಮೂರು ಬೆರಳಗಲ ಕೆಳಗೆ ಒಂದು ಬೆರಳಿಂದ ಒತ್ತಿ ಹಿಡಿದು, ಇನ್ನೊಂದು ಬೆರಳಿಂದ ರಕ್ತವನ್ನು ಗಂಟು ದಾಟುವವರೆಗೆ ಮೇಲಕ್ಕೆ ಸವರು. ಆ ಬೆರಳು ತೆಗೆದರೂ ನಡುವಿನ ಭಾಗ ಖಾಲಿಯೇ ಇರುತ್ತದೆ. ಕೆಳಗಿನ ಬೆರಳು ತೆಗೆ, ತಟ್ಟನೆ ತುಂಬುತ್ತದೆ. ನಡುವೆ ಕವಲು ನರ ಸೇರಿದ್ದರೆ ಅದರಿಂದ ತುಂಬಿಬಿಡುತ್ತದೆ, ಬೇರೆ ಜಾಗ ಆರಿಸು. ಎರಡು ನಿಮಿಷದೊಳಗೆ ಬಟ್ಟೆ ಬಿಚ್ಚು.

ಎಲ್ಲಕ್ಕೂ ಕುರಿಯನ್ನು ನಂಬಬೇಡ. ಬೋಟಿ ನೋಡಿ ಮನುಷ್ಯರ ಜಠರ ಕಲಿಯಲಾಗದು, ಮೆಲುಕು ಹಾಕುವ ಪ್ರಾಣಿಗೆ ಅದು ನಾಲ್ಕು ಭಾಗ. ಕುರಿಯ ಕಿಡ್ನಿಯಲ್ಲಿ ಒಳಭಾಗದ ಪಿರಮಿಡ್ಡುಗಳು (ಶಂಕುವಿನಾಕಾರದ ತುಂಡುಗಳು) ಕೂಡಿಕೊಂಡು ಒಂದೇ ದಿಣ್ಣೆ ಆಗಿರುತ್ತದೆ, ನಮ್ಮದರಲ್ಲಿ ಬೇರೆಬೇರೆ ಇರುತ್ತವೆ. ಸಕಲೇಶಪುರದ ಕಡೆಯಿಂದ ಯಾರಾದರೂ ಹಂದಿಯ ಕಿಡ್ನಿ ತಂದರೆ ಅದು ಹೆಚ್ಚು ಹತ್ತಿರ. ಕಿಡ್ನಿಯ ಲೆಕ್ಕ ಒಂದು ನೆನಪಿಡು: ನಿಮಿಷಕ್ಕೆ 125 ಮಿಲಿಲೀಟರ್ ಸೋಸಿದರೆ ದಿನಕ್ಕೆ 180 ಲೀಟರ್, ಹೊರಗೆ ಹೋಗುವುದು ಒಂದೂವರೆ ಲೀಟರ್. ಉಳಿದದ್ದೆಲ್ಲ ವಾಪಸ್ಸು. ಹಾಗಾಗಿ ಕಿಡ್ನಿಯ ಸಣ್ಣ ಸೋಸುವ ಘಟಕವಾದ ನೆಫ್ರಾನ್ ಓದುವಾಗ ಸೋಸುವ ಗುಂಡಿನಲ್ಲೇ ನಿಲ್ಲದೆ, ವಾಪಸ್ಸು ಹೀರುವ ನಳಿಕೆಗಳಿಗೆ ಹೆಚ್ಚು ಹೊತ್ತು ಕೊಡು.

ಜೀರ್ಣಕ್ರಿಯೆಗೆ ಅಮ್ಮನ ಮುದ್ದೆಯನ್ನೇ ಹಿಂಬಾಲಿಸು. ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟ ಒಡೆಯುತ್ತದೆ ಅಂತ ಪುಸ್ತಕ ಹೇಳುತ್ತದೆ, ಆದರೆ ಮುದ್ದೆಯನ್ನು ನಾವು ಅಗಿಯದೆ ನುಂಗುತ್ತೇವೆ. ಹಾಗಿದ್ದೂ ಅದು ಅರಗುತ್ತದೆ, ಯಾಕೆಂದರೆ ಪಿಷ್ಟದ ಹೆಚ್ಚಿನ ಕೆಲಸ ನಡೆಯುವುದು ಸಣ್ಣ ಕರುಳಲ್ಲಿ, ಮೇದೋಜ್ಜೀರಕ ಗ್ರಂಥಿಯ ಅಮೈಲೇಸಿನಿಂದ. ಪಿತ್ತರಸದಲ್ಲಿ ಜೀರ್ಣಕಾರಿ ಕಿಣ್ವ ಇಲ್ಲ. ಅದು ಸೋಪಿನ ಹಾಗೆ ಕೊಬ್ಬನ್ನು ಸಣ್ಣ ಹನಿ ಮಾಡುತ್ತದೆ. ಪಿತ್ತಕೋಶ ಅದನ್ನು ಕೂಡಿಡುತ್ತದೆ, ತಯಾರಿಸುವುದು ಕಾರ್ಜ.

ಉಸಿರಾಟದಲ್ಲಿ ಒಂದೇ ಮಾತು. ಗಾಳಿ ಬಂದು ಎದೆ ಹಿಗ್ಗುವುದಲ್ಲ, ಎದೆ ಹೊಟ್ಟೆಗಳ ನಡುವಿನ ಸ್ನಾಯುಪರದೆಯಾದ ವಪೆ ಕೆಳಗಿಳಿದು ಎದೆಗೂಡು ಹಿಗ್ಗಿದ್ದಕ್ಕೆ ಗಾಳಿ ಬರುತ್ತದೆ. ಒಂದು ಉಸಿರು 500 ಮಿಲಿಲೀಟರ್, ಅದರಲ್ಲಿ 150 ಕೊಳವೆಗಳಲ್ಲೇ ಉಳಿಯುತ್ತದೆ. ನಿಮಿಷಕ್ಕೆ 12 ಸಲವಾದರೆ ಗಾಳಿಗೂಡುಗಳಿಗೆ ತಲುಪಿದ್ದು 4,200. ಅದೇ ರೋಗಿ 250ರಂತೆ 24 ಸಲ ಮೇಲುಸಿರು ಬಿಟ್ಟರೆ ಒಟ್ಟು 6 ಲೀಟರೇ ಆದರೂ ತಲುಪುವುದು 2,400 ಮಾತ್ರ. ವಾರ್ಡಿನಲ್ಲಿ ಉಸಿರಿನ ಎಣಿಕೆಯ ಜೊತೆಗೆ ಆಳವನ್ನೂ ನೋಡು.

ಪ್ರತಿ ಪಾಠದ ಮೇಲೆ ಪುಸ್ತಕ ಮುಚ್ಚಿ ಖಾಲಿ ಹಾಳೆಯಲ್ಲಿ ಚಿತ್ರ ಬರೆ. ಬಾರದ್ದನ್ನು ಕೆಂಪಿನಲ್ಲಿ ತುಂಬು. ಮಾರನೆಯ ದಿನ, ನಾಲ್ಕನೆಯ ದಿನ, ವಾರದ ಮೇಲೆ ಮತ್ತೆ ಹೊಸ ಹಾಳೆ. ಅಚ್ಚಾದ ಚಿತ್ರಕ್ಕೆ ಬಣ್ಣ ತುಂಬುತ್ತಾ ಕೂತರೆ ಕಲಿತ ಹಾಗೆ ಅನ್ನಿಸುತ್ತದೆ, ಪರೀಕ್ಷೆಯಲ್ಲಿ ಕೈ ಓಡುವುದಿಲ್ಲ.

ಅಮ್ಮ, ಗುಂಡಿಗೆ ಕೊಯ್ಯಲು ಬೇರೆ ಚೂರಿ, ಬೇರೆ ಮಣೆ ಕೊಡು. ಮುಗಿದ ಮೇಲೆ ಸೋಪು ಹಾಕಿ ಬಿಸಿನೀರಲ್ಲಿ ತೊಳೆಸು. ಪುಟ್ಟಿ, ಕೊಯ್ದ ಗುಂಡಿಗೆಯ ಫೋಟೋ, ನೀನು ಬರೆದ ಚಿತ್ರ ಎರಡನ್ನೂ ಕಳಿಸು. ಹಾಳೆಯ ಎಡತುದಿಯಲ್ಲಿ ‘ಬಲ’ ಅಂತ ಬರೆದಿರು.

ನಿನ್ನ ಅಕ್ಕ