ಲೆಕ್ಕದ ಪುಸ್ತಕ ಅಪ್ಪನ ಹತ್ತಿರವೇ ಇರಲಿ

ಲಂಡನ್
ಭಾನುವಾರ ಸಂಜೆ

ಪ್ರೀತಿಯ ಅಮ್ಮನಿಗೆ,

ನಮಸ್ಕಾರ. ನಾವೆಲ್ಲ ಇಲ್ಲಿ ಆರಾಮ. ಪುಟ್ಟಿಯ ಶೀತ ಬಿಟ್ಟಿದೆ. ನೀನು ರಘು ಕೈಲಿ ಬರೆಸಿದ ಕಾಗದ ಗುರುವಾರ ಬಂತು. ಅವತ್ತಿನಿಂದ ಅದೊಂದೇ ಯೋಚನೆ. ಫೋನ್ ಯಾವಾಗಲೂ ಅಪ್ಪನ ಹಾಸಿಗೆ ಪಕ್ಕದಲ್ಲೇ ಇರುತ್ತದೆ, ಅವರೆದುರು ಇದನ್ನೆಲ್ಲ ಹೇಳಲು ಆಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅಪ್ಪ ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ, ತಟ್ಟೆ ದೂಡಿದರು ಅಂದಿದ್ದೀಯ. ನೋವು ಜಾಸ್ತಿ ಆಗಿರಬೇಕು ಅಂತ ನಿಮ್ಮ ಲೆಕ್ಕ. ನನಗೆ ಹಾಗೆ ಅನ್ನಿಸಲಿಲ್ಲ. ಕಾಗದದ ಕೊನೆಯಲ್ಲಿ ರಘು ಒಂದು ಸಾಲು ಸೇರಿಸಿದ್ದಾನೆ. ಅಡಿಕೆ ಲೆಕ್ಕದ ಪುಸ್ತಕ, ಪಾಸ್‌ಬುಕ್ ಎಲ್ಲ ತಾನೇ ತಗೊಂಡನಂತೆ, ಅಪ್ಪನಿಗೆ ಇನ್ನು ತಲೆಬಿಸಿ ಬೇಡ ಅಂತ.

ರಘುಗೆ ಬೈಯಬೇಡ. ಒಳ್ಳೆಯದಕ್ಕೇ ಮಾಡಿದ್ದಾನೆ. ಆದರೆ ಅಪ್ಪ 40 ವರ್ಷ ಆ ಲೆಕ್ಕ ಬರೆದವರು. ಈಗ ಸ್ನಾನ ಮಾಡಿಸುವವನು ರಘು, ತುತ್ತು ಕೊಡುವವಳು ನೀನು, ಔಷಧದ ಹೊತ್ತು ನೋಡುವವಳು ಸುಮಾ. ಅವರದು ಅಂತ ಉಳಿದಿದ್ದು ಅದೊಂದು ಪುಸ್ತಕ. ಅದನ್ನು ವಾಪಸ್ ದಿಂಬಿನ ಪಕ್ಕ ಇಡಿ. ಕೈ ನಡುಗಿದರೆ ಅವರು ಹೇಳಲಿ, ರಘು ಬರೆಯಲಿ. ಸಾಗರದ ಮಂಡಿಯಲ್ಲಿ ಇವತ್ತು ರೇಟ್ ಇಷ್ಟಿದೆ, ಕೊಡುವುದಾ ಕಾಯುವುದಾ ಅಂತ ಕೇಳಲಿ. ಸುಮ್ನೆ ಸಮಾಧಾನಕ್ಕೆ ಕೇಳುವುದಲ್ಲ, ಅವರು ಹೇಳಿದ ಹಾಗೆ ಮಾಡಬೇಕು.

ನಾನು ನರ್ಸ್ ಆಗಿರುವ ಹಾಸ್ಪಿಸ್‌ನಲ್ಲಿ, ಅಂದರೆ ವಾಸಿಯಾಗದ ಕಾಯಿಲೆಯವರನ್ನು ಕೊನೆತನಕ ನೋಡಿಕೊಳ್ಳುವ ಆಸ್ಪತ್ರೆಯಲ್ಲಿ, ಒಬ್ಬ ಅಜ್ಜ ಇದ್ದರು. ಮದುವೆ ಆದಾಗಿನಿಂದ ಬೆಳಗಿನ ಟೀ ಅವರೇ ಮಾಡಿ ಹೆಂಡತಿಗೆ ಕೊಡುತ್ತಿದ್ದರಂತೆ. ಹಾಸಿಗೆ ಹಿಡಿದ ಮೇಲೆ ಅಜ್ಜಿ ಟೀ ತಂದರೆ ಮುಖ ತಿರುಗಿಸುತ್ತಿದ್ದರು. ನಾವು ಟ್ರೇಯನ್ನು ಅವರ ಮುಂದೆಯೇ ಇಟ್ಟೆವು. ಸಕ್ಕರೆ ಹಾಕಿ, ಕಲಕಿ, ಅಜ್ಜಿಗೆ ಕೊಟ್ಟರು. ಅರ್ಧ ಚೆಲ್ಲಿತು. ಅಜ್ಜಿ ಅಷ್ಟನ್ನೇ ಕುಡಿದರು.

ಸೀತತ್ತೆ ನಮ್ಮದು ಹಳೇ ಬಟ್ಟೆ ಮಾರಿ ನಡೆಸುವ ಆಸ್ಪತ್ರೆ ಅಂದರಂತೆ. ಹೌದು, ಜನ ಕೊಟ್ಟ ಬಟ್ಟೆ, ಪುಸ್ತಕ, ಪಿಂಗಾಣಿ ಮಾರುವ ಅಂಗಡಿಗಳಿವೆ, ಆ ದುಡ್ಡೂ ಬರುತ್ತದೆ. ರೋಗಿಗಳಿಂದ ಏನೂ ತಗೊಳ್ಳುವುದಿಲ್ಲ. ಮನೆಯ ನಾಯಿ ಕೂಡ ಬಂದು ಯಜಮಾನನ ಹಾಸಿಗೆ ಪಕ್ಕ ಮಲಗಬಹುದು! ನನಗೆ ಇದೆಲ್ಲ ಹೆಮ್ಮೆಯೇ. ಈ ಆರೈಕೆಗೆ ದಾರಿ ಹಾಕಿದ ಸಿಸಿಲಿ ಸಾಂಡರ್ಸ್ ಮೊದಲು ನರ್ಸ್, ಆಮೇಲೆ ಡಾಕ್ಟರ್. 1967ರಲ್ಲಿ ಇಲ್ಲೇ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಶುರು ಮಾಡಿದರು. ಮೈ ನೋವು, ಮನಸ್ಸಿನ ನೋವು, ಮನೆ ಚಿಂತೆ ಎಲ್ಲ ಸೇರಿಯೇ ನೋವು ಅಂತ ಅವರು ಕಲಿಸಿದ್ದು. ಪಾಸ್‌ಬುಕ್ ಕೂಡ ಅದರಲ್ಲಿ ಬಂತು, ಅಲ್ವಾ?

ನೋವಿಗೆ ಕೊಡುವ ಮಾರ್ಫಿನ್ ಚಟ ಆಗುತ್ತದೆ ಅಂತ ಯಾರು ಹೇಳಿದರೂ ಕೇಳಬೇಡ. ಡಾಕ್ಟರ್ ಬರೆದ ಹೊತ್ತಿಗೆ ಬರೆದಷ್ಟು ಕೊಡಿ. ನೋವು ಬರಲಿ ಅಂತ ಕಾಯಬೇಡಿ. ಮಲಬದ್ಧತೆಗೆ ಕೊಟ್ಟ ಔಷಧವನ್ನೂ ತಪ್ಪಿಸಬೇಡಿ.

ಬೆಂಗಳೂರಿನ ಕರುಣಾಶ್ರಯಕ್ಕೆ ಸೇರಿಸುವುದಾ ಅಂತ ರಘು ಕೇಳಿದ್ದಾನೆ. ಅದೂ ಹಾಸ್ಪಿಸ್ಸೇ, ಅಲ್ಲಿಯೂ ದುಡ್ಡು ತಗೊಳ್ಳುವುದಿಲ್ಲ. ಸೇರಿಸಿದರೆ ಕೈಬಿಟ್ಟ ಹಾಗೆ ಅಲ್ಲ. ಆದರೆ ಅಪ್ಪನನ್ನು ಕೇಳದೆ ತೀರ್ಮಾನ ಮಾಡಬೇಡಿ.

ಇನ್ನು ನೀನು. ಗಂಜಿ, ಬಟ್ಟೆ, ಬೆಡ್‌ಪ್ಯಾನ್, ಇಷ್ಟರಲ್ಲೇ ನಿನ್ನ ದಿನ ಮುಗಿಯುತ್ತಿದೆ. ಸಂಜೆ ಅರ್ಧ ಗಂಟೆ ಎಲ್ಲ ಸುಮಾಗೆ ಬಿಡು. ಅಪ್ಪನ ಹತ್ತಿರ ಸುಮ್ನೆ ಕೂತುಕೋ. ದನದ ಸುದ್ದಿ, ಬೀಗರ ಸುದ್ದಿ, ಏನಾದರೂ ಮಾತಾಡಿ. ಬೇಕಿದ್ದರೆ ಮೊದಲಿನ ಹಾಗೆ ಜಗಳ ಆಡಿ.

ನಾನೂ ತಪ್ಪು ಮಾಡಿದೆ ಅಮ್ಮಾ. ಫೋನ್ ಎತ್ತಿದ ಕೂಡಲೇ ಮಾತ್ರೆ ತಗೊಂಡ್ರಾ, ಹೊಟ್ಟೆ ಸರಿ ಹೋಯ್ತಾ ಅಂತ ಶುರು ಮಾಡುತ್ತೇನೆ. ಹೋದ ವಾರ ಅಪ್ಪ "ನರ್ಸಮ್ಮ ಮಾತಾಡ್ತಾಳಂತೆ" ಅಂತ ಫೋನ್ ನಿನಗೆ ಕೊಟ್ಟುಬಿಟ್ಟರು. ಆ ರಾತ್ರಿ ನಿದ್ದೆ ಬರಲಿಲ್ಲ. ಇನ್ನು ಅಂಥದ್ದೆಲ್ಲ ಸುಮಾ ಹತ್ತಿರ ಕೇಳುತ್ತೇನೆ. ಅಪ್ಪನ ಹತ್ತಿರ ತೋಟದ ಸುದ್ದಿ ಮಾತ್ರ.

ನನ್ನ ಚಿಂತೆ ಬೇಡವೇ ಬೇಡ. ಚೆನ್ನಾಗಿ ಉಣ್ಣುತ್ತಿದ್ದೇನೆ, ದುಡ್ಡಿಗೆ ತೊಂದರೆ ಇಲ್ಲ, ಚಳಿಯೂ ಅಂಥದ್ದೇನಿಲ್ಲ. ರಜೆ ಸಿಕ್ಕಿದೆ, ಮುಂದಿನ ತಿಂಗಳು ಬಂದೇ ಬರುತ್ತೇನೆ. ನೈಟ್ ಡ್ಯೂಟಿಗೆ ಹೊತ್ತಾಯಿತು, ಬಸ್ ತಪ್ಪುತ್ತದೆ. ಪುಸ್ತಕ ಇವತ್ತೇ ಕೊಡಿ.

ನಿನ್ನ ಮಗಳು,
ವೀಣಾ