‘ಇಮ್ಯುನಿಟಿ ಹೆಚ್ಚಿಸುವುದು’ ಎಚ್‌ಐವಿಗೆ ಮದ್ದಲ್ಲ

ಮಾನ್ಯ ಸಂಪಾದಕರೇ,

ಎಚ್‌ಐವಿ ಕುರಿತ ಪತ್ರಿಕಾ ಬರಹಗಳಲ್ಲಿ ‘ಈ ವೈರಾಣು ರೋಗನಿರೋಧಕ ಶಕ್ತಿಯನ್ನು ಕುಂದಿಸುತ್ತದೆ’ ಎಂಬ ಮಾತು ಇದ್ದೇ ಇರುತ್ತದೆ. ಮಾತು ತಪ್ಪಲ್ಲ, ಆದರೆ ಅರ್ಧ. ಶಕ್ತಿ ಕುಂದಿದೆ ಎಂದಮೇಲೆ ಹೆಚ್ಚಿಸಿಕೊಂಡರಾಯಿತು ಎಂದು ಓದಿದವರಿಗೆ ಅನ್ನಿಸುವುದು ಸಹಜ. ‘ಇಮ್ಯುನಿಟಿ ಹೆಚ್ಚಿಸುವ’ ಪುಡಿ, ಟಾನಿಕ್, ಮಾತ್ರೆಗಳ ಜಾಹೀರಾತುಗಳಿಗೆ ಈ ಅರ್ಧ ಮಾತೇ ಆಧಾರ. ಇನ್ನರ್ಧವನ್ನು ಹೇಳಲು ಈ ಪತ್ರ.

ಎಚ್‌ಐವಿ ಹೊಕ್ಕಾಗ ದೇಹ ಕೈಕಟ್ಟಿ ಕೂರುವುದಿಲ್ಲ. ತನ್ನಲ್ಲಿರುವ ಎಲ್ಲ ಬಗೆಯ ರಕ್ಷಣೆಯನ್ನೂ ಅದು ಹೂಡುತ್ತದೆ. ತೊಡಕಿರುವುದು ವೈರಾಣು ಆರಿಸಿಕೊಳ್ಳುವ ಮನೆಯಲ್ಲಿ. ಅದರ ಹೊರಮೈಯ ಜಿಪಿ120 ಪ್ರೋಟೀನು ಮೊದಲು ಸಿಡಿ4 ಎಂಬ ಗ್ರಾಹಕಕ್ಕೆ, ಆಮೇಲೆ ಸಾಮಾನ್ಯವಾಗಿ ಸಿಸಿಆರ್5 ಎಂಬ ಇನ್ನೊಂದಕ್ಕೆ ಅಂಟಿಕೊಂಡರೆ ಮಾತ್ರ ಒಳಕ್ಕೆ ದಾರಿ. ಇವೆರಡೂ ಇರುವುದು ಮುಖ್ಯವಾಗಿ ರಕ್ಷಣಾ ವ್ಯವಸ್ಥೆಯ ಬಿಳಿ ರಕ್ತಕಣಗಳಾದ ಸಿಡಿ4 ಟಿ ಕೋಶಗಳ ಮೇಲೆ. ಸೋಂಕಿತ ಕೋಶಗಳನ್ನು ಕೊಲ್ಲುವ ಸಿಡಿ8 ಕೋಶಗಳಿಗೂ ಪ್ರತಿಕಾಯ ತಯಾರಿಸುವ ಬಿ ಕೋಶಗಳಿಗೂ ನೆರವು ಕೊಡುವವು ಇವೇ. ಒಳಹೊಕ್ಕ ವೈರಾಣು ತನ್ನ ಆರ್‌ಎನ್‌ಎಯನ್ನು ಡಿಎನ್‌ಎಗೆ ನಕಲು ಮಾಡಿ ಕೋಶದ ಡಿಎನ್‌ಎಯೊಳಗೇ ಸೇರಿಸಿಬಿಡುತ್ತದೆ.

ಇಲ್ಲೊಂದು ಸಂಗತಿಯನ್ನು ಒತ್ತಿ ಹೇಳಬೇಕು. ವಿಶ್ರಾಂತಿಯಲ್ಲಿರುವ ಸಿಡಿ4 ಕೋಶದಲ್ಲಿ ಈ ನಕಲು ಕೆಲಸ ಬಹುಮಟ್ಟಿಗೆ ಅರ್ಧದಲ್ಲೇ ನಿಲ್ಲುತ್ತದೆ. ರೋಗಾಣುವಿನ ಸುಳಿವು ಸಿಕ್ಕಿ ಎಚ್ಚೆತ್ತ ಕೋಶದಲ್ಲಿ ಮಾತ್ರ ಅದು ಸಲೀಸು. ಕೋಶವನ್ನು ಹೋರಾಟಕ್ಕೆ ಎಬ್ಬಿಸುವ ಎನ್‌ಎಫ್-ಕಪ್ಪ ಬಿ ಎಂಬ ಪ್ರೋಟೀನು ವೈರಾಣುವಿನ ವಂಶವಾಹಿಗಳನ್ನೂ ಎಬ್ಬಿಸುತ್ತದೆ. ಅಂದರೆ ಪ್ರತಿರೋಧ ಚುರುಕಾದಷ್ಟೂ ವೈರಾಣುವಿಗೆ ತಕ್ಕ ಕೋಶಗಳು ಹೆಚ್ಚುತ್ತವೆ.

ಸೋಂಕು ತಗುಲಿದ ಮೊದಲ ಸುಮಾರು 10 ದಿನ ರಕ್ತದಲ್ಲಿ ಯಾವ ಪರೀಕ್ಷೆಗೂ ಏನೂ ಸಿಗುವುದಿಲ್ಲ. ವೈರಾಣು ಆಗ ಹತ್ತಿರದ ದುಗ್ಧಗ್ರಂಥಿಗಳನ್ನು, ಅಲ್ಲಿಂದ ಕರುಳನ್ನು ತಲುಪುತ್ತಿರುತ್ತದೆ. ಕರುಳಿನ ಗೋಡೆಯಲ್ಲಿ ಸಿಸಿಆರ್5 ಹೊತ್ತ, ಹಳೆಯ ರೋಗಾಣುಗಳ ನೆನಪಿರುವ ಸಿಡಿ4 ಕೋಶಗಳು ದಟ್ಟವಾಗಿರುತ್ತವೆ. ಕೆಲವೇ ವಾರಗಳಲ್ಲಿ ಅವುಗಳ ಬಹುಪಾಲು ನಾಶವಾಗುತ್ತದೆ. ದೇಹದ ಲಿಂಫೋಸೈಟ್‌ಗಳಲ್ಲಿ (ಟಿ, ಬಿ ಕೋಶಗಳು ಸೇರಿದ ಬಿಳಿ ರಕ್ತಕಣಗಳ ಗುಂಪು) ರಕ್ತದಲ್ಲಿರುವುದು ಸುಮಾರು ಶೇ 2 ಮಾತ್ರ. ಆದ್ದರಿಂದ ಕರುಳಿನಲ್ಲಾದ ಹಾನಿಯ ಪ್ರಮಾಣ ರಕ್ತದ ಸಿಡಿ4 ಎಣಿಕೆಯಲ್ಲಿ ಕಾಣದು. ಇದೇ ಹೊತ್ತಿಗೆ, ಎರಡರಿಂದ ನಾಲ್ಕನೇ ವಾರದಲ್ಲಿ, ಹಲವರಿಗೆ ಜ್ವರ, ಗಂಟಲುನೋವು, ಮೈಮೇಲೆ ಗಂಧೆ, ಗ್ರಂಥಿಗಳ ಊತ ಕಾಣಿಸಿಕೊಂಡು ತಾನೇ ಇಳಿದುಹೋಗುತ್ತದೆ. ಫ್ಲೂ ಎಂದುಕೊಂಡು ಮರೆಯುವವರೇ ಹೆಚ್ಚು. ಆಗ ಒಂದು ಮಿಲಿಲೀಟರ್ ರಕ್ತದಲ್ಲಿ ವೈರಾಣುವಿನ ಪ್ರತಿಗಳು 10 ಲಕ್ಷ ದಾಟುವುದುಂಟು. ಇತರರಿಗೆ ದಾಟುವ ಸಾಧ್ಯತೆ ಅತಿ ಹೆಚ್ಚಿರುವ ಕಾಲವೂ ಇದೇ.

ಈ ಏರಿಕೆಯನ್ನು ಇಳಿಸುವುದರಲ್ಲಿ ಮುಖ್ಯ ಪಾತ್ರ ಸಿಡಿ8 ಕೋಶಗಳದ್ದು. ಸೋಂಕಿತ ಕೋಶಗಳನ್ನು ಗುರುತಿಸಿ ಕೊಂದು ಅವು ವೈರಲ್ ಲೋಡನ್ನು, ಅಂದರೆ ರಕ್ತದಲ್ಲಿರುವ ವೈರಾಣುವಿನ ಪ್ರಮಾಣವನ್ನು, ಒಂದು ಮಟ್ಟಕ್ಕೆ ತರುತ್ತವೆ. ಎಚ್‌ಎಲ್‌ಎ ಬಿ57, ಬಿ27ರಂಥ ವಂಶವಾಹಿ ಮಾದರಿ ಇರುವ ಕೆಲವರಲ್ಲಿ ಈ ಹಿಡಿತ ವರ್ಷಗಟ್ಟಲೆ ಉಳಿಯುತ್ತದೆ. ಔಷಧಿಯಿಲ್ಲದೆಯೇ ವೈರಾಣುವನ್ನು ಅಳತೆಗೆ ಸಿಗದಷ್ಟು ಕೆಳಗಿಟ್ಟವರು ಶೇ 1ಕ್ಕಿಂತ ಕಡಿಮೆ. ಉಳಿದವರಲ್ಲಿ ವೈರಾಣು ನುಣುಚಿಕೊಳ್ಳುತ್ತದೆ. ಸುಮಾರು 9,700 ಅಕ್ಷರಗಳ ತನ್ನ ವಂಶಲಿಪಿಯನ್ನು ನಕಲು ಮಾಡುವಾಗ ಅದು ಆಗಾಗ ತಪ್ಪುತ್ತದೆ, ತಪ್ಪನ್ನು ತಿದ್ದುವ ವ್ಯವಸ್ಥೆ ಅದಕ್ಕಿಲ್ಲ. ದಿನಕ್ಕೆ ನೂರಾರು ಕೋಟಿ ಹೊಸ ವೈರಾಣುಗಳು ಹುಟ್ಟುವಲ್ಲಿ, ಸಿಡಿ8 ಕೋಶ ಗುರುತಿಟ್ಟುಕೊಂಡ ಚಹರೆ ಬದಲಾದ ಒಂದು ಸಿಕ್ಕೇ ಸಿಗುತ್ತದೆ. ಕೆಲವು ವಾರಗಳಲ್ಲಿ ಅದರ ಸಂತಾನವೇ ತುಂಬಿಕೊಳ್ಳುತ್ತದೆ.

ಪ್ರತಿಕಾಯಗಳ ಪಾಡೂ ಹೀಗೆಯೇ. ಮೊದಲು ಬರುವವು ವೈರಾಣುವಿಗೆ ಅಂಟುತ್ತವೆ, ಆದರೆ ತಡೆಯುವುದಿಲ್ಲ. ಪರೀಕ್ಷೆಗೆ ಅವು ಉಪಯುಕ್ತ, ರಕ್ಷಣೆಗಲ್ಲ. ತಡೆಯಬಲ್ಲವು ಬರಲು ತಿಂಗಳುಗಳು ಬೇಕು, ಅಷ್ಟರಲ್ಲಿ ವೈರಾಣು ರೂಪ ಬದಲಿಸಿರುತ್ತದೆ. ಜಿಪಿ120ರ ತೂಕದಲ್ಲಿ ಸುಮಾರು ಅರ್ಧ ಸಕ್ಕರೆಯ ಸರಪಳಿಗಳು. ಅವನ್ನು ತಯಾರಿಸಿದ್ದು ನಮ್ಮದೇ ಕೋಶವಾದ್ದರಿಂದ ದೇಹಕ್ಕೆ ಅವು ಪರಕೀಯವೆನಿಸುವುದಿಲ್ಲ.

ಪರೀಕ್ಷೆಯ ದಿನಗಳ ಲೆಕ್ಕ ಬರುವುದೂ ಇದರಿಂದಲೇ. ವೈರಾಣುವಿನ ಆರ್‌ಎನ್‌ಎ ಹುಡುಕುವ ಪರೀಕ್ಷೆ 10ರಿಂದ 33 ದಿನದೊಳಗೆ, ವೈರಾಣುವಿನದೇ ಆದ ಪಿ24 ಪ್ರೋಟೀನು ಮತ್ತು ಪ್ರತಿಕಾಯ ಎರಡನ್ನೂ ಹುಡುಕುವ ಪ್ರಯೋಗಾಲಯದ ಪರೀಕ್ಷೆ 18ರಿಂದ 45 ದಿನದೊಳಗೆ, ಪ್ರತಿಕಾಯ ಮಾತ್ರ ನೋಡುವ ಪರೀಕ್ಷೆ 23ರಿಂದ 90 ದಿನದೊಳಗೆ ಸೋಂಕನ್ನು ಹಿಡಿಯುತ್ತದೆ. ಎರಡನೇ ವಾರದ ‘ನೆಗೆಟಿವ್’ ನಂಬಿ ನಿಶ್ಚಿಂತರಾಗುವುದು ಸಲ್ಲ. ಸೋಂಕು ತಗುಲಿರಬಹುದೆಂಬ ಶಂಕೆಯಿದ್ದರೆ ಪರೀಕ್ಷೆಯ ದಿನಕ್ಕೆ ಕಾಯದೆ 72 ಗಂಟೆಯೊಳಗೆ ವೈದ್ಯರನ್ನು ಕಾಣಬೇಕು. ಆಗ ಆರಂಭಿಸಿ 28 ದಿನ ತೆಗೆದುಕೊಳ್ಳುವ ಔಷಧಿ ಸೋಂಕು ನೆಲೆಯೂರುವುದನ್ನು ತಡೆಯಬಲ್ಲದು.

ಮುಂದಿನದು ವರ್ಷಗಳ ಸವೆತ. ಹಾಳಾದ ಕರುಳಿನ ಗೋಡೆಯಿಂದ ಬ್ಯಾಕ್ಟೀರಿಯಾದ ಚೂರುಗಳು ರಕ್ತಕ್ಕೆ ಸೋರುತ್ತವೆ. ಅವನ್ನು ಕಂಡು ರಕ್ಷಣಾ ವ್ಯವಸ್ಥೆ ಹಗಲಿರುಳು ಎಚ್ಚರವಾಗಿರುತ್ತದೆ, ಹೊಸ ಸಿಡಿ4 ಕೋಶಗಳು ಎಚ್ಚೆತ್ತು ಮತ್ತೆ ವೈರಾಣುವಿಗೆ ಬಲಿಯಾಗುತ್ತವೆ. ವೈರಾಣು ಪೂರ್ತಿ ನೆಲೆಯೂರದ ಕೋಶಗಳೂ ಉಳಿಯುವುದಿಲ್ಲ: ಒಳಗೆ ಅರ್ಧಕ್ಕೆ ನಿಂತ ವೈರಾಣುವಿನ ಡಿಎನ್‌ಎಯನ್ನು ಪತ್ತೆ ಹಚ್ಚಿ ಕೋಶ ತನ್ನನ್ನೇ ಒಡೆದುಕೊಳ್ಳುತ್ತದೆ, ಚೆಲ್ಲಿದ ದ್ರವ್ಯ ಉರಿಯೂತ ಎಬ್ಬಿಸಿ ಇನ್ನಷ್ಟು ಕೋಶಗಳನ್ನು ಅಲ್ಲಿಗೆ ಕರೆಯುತ್ತದೆ. ದುಗ್ಧಗ್ರಂಥಿಗಳಲ್ಲಿ ಸಾಯುವ ಕೋಶಗಳಲ್ಲಿ ಹೆಚ್ಚಿನವು ಇಂಥವು. ಘನ ಮಿಲಿಮೀಟರಿಗೆ 500ರಿಂದ 1,500 ಇರಬೇಕಾದ ಸಿಡಿ4 ಎಣಿಕೆ ಚಿಕಿತ್ಸೆ ಇಲ್ಲದಿದ್ದರೆ ಇಳಿಯುತ್ತಾ 200ಕ್ಕಿಂತ ಕೆಳಗೆ ಬಂದಾಗ ಅದು ಏಡ್ಸ್. ಕ್ಷಯ ಮಾತ್ರ ಅಷ್ಟು ದಿನ ಕಾಯುವುದಿಲ್ಲ, ಯಾವ ಎಣಿಕೆಯಲ್ಲೂ ಬರಬಹುದು.

ಈ ಸವೆತಕ್ಕೆ ವೈರಾಣು ಎಷ್ಟು ಕಾರಣವೋ ತಣಿಯದ ಎಚ್ಚರವೂ ಅಷ್ಟೇ ಕಾರಣ ಎನ್ನಲು ಸಾಕ್ಷಿ ಆಫ್ರಿಕಾದ ಸೂಟಿ ಮ್ಯಾಂಗಬಿ ಕೋತಿಗಳು. ಎಚ್‌ಐವಿಯ ದಾಯಾದಿಯಾದ ಎಸ್‌ಐವಿ ಅವುಗಳ ರಕ್ತದಲ್ಲಿ ಧಾರಾಳವಾಗಿರುತ್ತದೆ. ಆದರೂ ಅವುಗಳ ರಕ್ಷಣಾ ವ್ಯವಸ್ಥೆ ಮೊದಲ ವಾರಗಳ ಬಳಿಕ ಶಾಂತವಾಗುತ್ತದೆ, ಏಡ್ಸ್ ಬರುವುದು ಅತಿ ವಿರಳ.

‘ಹೆಚ್ಚಿಸುವ’ ಪ್ರಯೋಗವನ್ನು ವೈದ್ಯವಿಜ್ಞಾನ ಮಾಡದೆ ಬಿಟ್ಟಿಲ್ಲ. ಟಿ ಕೋಶಗಳನ್ನು ಬೆಳೆಸುವ ಇಂಟರ್‌ಲ್ಯೂಕಿನ್-2 ಅನ್ನು, ವೈರಾಣುವನ್ನು ಹತ್ತಿಕ್ಕುವ ಎಆರ್‌ಟಿ ಔಷಧಿಯ ಜೊತೆಗೆ ಕೊಟ್ಟು ನೋಡಿದ ಎಸ್‌ಪ್ರಿಟ್ ಮತ್ತು ಸಿಲ್‌ಕ್ಯಾಟ್ ಎಂಬ ಎರಡು ದೊಡ್ಡ ಪ್ರಯೋಗಗಳ ಫಲಿತಾಂಶ 2009ರಲ್ಲಿ ಬಂತು. ಸಿಡಿ4 ಎಣಿಕೆ ಏರಿತು. ರೋಗವಾಗಲಿ ಸಾವಾಗಲಿ ಕಡಿಮೆಯಾಗಲಿಲ್ಲ. ಇದಕ್ಕೆ ಎದುರಾಗಿ, 2015ರ ಸ್ಟಾರ್ಟ್ ಪ್ರಯೋಗದಲ್ಲಿ ಸಿಡಿ4 500ಕ್ಕಿಂತ ಮೇಲಿರುವಾಗಲೇ ಎಆರ್‌ಟಿ ಆರಂಭಿಸಿದವರಲ್ಲಿ, 350ಕ್ಕೆ ಇಳಿಯಲೆಂದು ಕಾದವರಿಗಿಂತ ಗಂಭೀರ ಕಾಯಿಲೆ ಮತ್ತು ಸಾವು ಶೇ 57ರಷ್ಟು ಕಡಿಮೆಯಾದವು. ನಡುನಡುವೆ ಔಷಧಿ ನಿಲ್ಲಿಸಿ ನೋಡಿದ 2006ರ ಸ್ಮಾರ್ಟ್ ಪ್ರಯೋಗದಲ್ಲಿ, ನಿಲ್ಲಿಸಿದವರಿಗೆ ಹೃದಯ, ಮೂತ್ರಪಿಂಡ, ಯಕೃತ್ತಿನ ತೊಂದರೆಗಳೂ ಹೆಚ್ಚಿದವು.

ಔಷಧಿ ಶುರುವಾದ ಮೊದಲ ವಾರಗಳಲ್ಲಿ ಕೆಲವರಿಗೆ ಜ್ವರ ಬಂದು ಗ್ರಂಥಿಗಳು ಊದುತ್ತವೆ. ಚೇತರಿಸಿಕೊಂಡ ಕೋಶಗಳು ಒಳಗೆ ಅಡಗಿದ್ದ ಕ್ಷಯದಂಥ ಸೋಂಕನ್ನು ಈಗ ಕಂಡು ಮೇಲೆ ಬಿದ್ದಿರುತ್ತವೆ. ಮಾತ್ರೆ ಒಗ್ಗಲಿಲ್ಲವೆಂದು ತಾವಾಗಿ ಬಿಡಬಾರದು, ವೈದ್ಯರಿಗೆ ತಕ್ಷಣ ತಿಳಿಸಬೇಕು. ವರ್ಷಗಟ್ಟಲೆ ವೈರಲ್ ಲೋಡ್ ಕಾಣದಿದ್ದವರೂ ಬಿಡುವಂತಿಲ್ಲ. ವಿಶ್ರಾಂತಿಯಲ್ಲಿರುವ ಸುಮಾರು 10 ಲಕ್ಷ ಸಿಡಿ4 ಕೋಶಗಳಲ್ಲಿ ಒಂದರಲ್ಲಿ ಮರಳಿ ಏಳಬಲ್ಲ ವೈರಾಣು ಮಲಗಿರುತ್ತದೆ. ಔಷಧಿ ಬಿಟ್ಟರೆ ಬಹುತೇಕರಲ್ಲಿ ಕೆಲವೇ ವಾರಗಳಲ್ಲಿ ರಕ್ತಕ್ಕೆ ಬರುತ್ತದೆ. ಬಿಡದೆ ತೆಗೆದುಕೊಂಡು ವೈರಲ್ ಲೋಡನ್ನು ಕಾಣದ ಮಟ್ಟದಲ್ಲಿಟ್ಟವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲ.

ಇನ್ನು ಆ ಪುಡಿ, ಮಾತ್ರೆಗಳು. ಅವುಗಳಲ್ಲಿ ಹಲವಕ್ಕೆ ಸತು, ಕಬ್ಬಿಣ, ಮೆಗ್ನೀಸಿಯಂ, ಕ್ಯಾಲ್ಸಿಯಂ ಸೇರಿಸಿರುತ್ತಾರೆ. ಎಆರ್‌ಟಿಯಲ್ಲಿ ಈಗ ವ್ಯಾಪಕವಾಗಿ ಕೊಡುವ ಡೊಲುಟೆಗ್ರಾವಿರ್ ಎಂಬ ಔಷಧಿ ಹೊಟ್ಟೆಯಲ್ಲಿ ಈ ಲೋಹಗಳಿಗೆ ಅಂಟಿಕೊಂಡರೆ ರಕ್ತಕ್ಕೆ ಸೇರುವ ಪ್ರಮಾಣ ಕುಸಿಯುತ್ತದೆ. ವೈದ್ಯರೇ ಇಂಥ ಪೂರಕ ಬರೆದುಕೊಟ್ಟಿದ್ದರೆ ಡೊಲುಟೆಗ್ರಾವಿರ್ ಅನ್ನು ಅದಕ್ಕಿಂತ 2 ಗಂಟೆ ಮೊದಲು ಅಥವಾ 6 ಗಂಟೆ ನಂತರ ತೆಗೆದುಕೊಳ್ಳಬೇಕು. ಬೇರೇನನ್ನು ಸೇವಿಸುತ್ತಿದ್ದರೂ ಆ ಡಬ್ಬಿಯನ್ನೇ ವೈದ್ಯರ ಬಳಿ ಒಯ್ದು ಅದರ ಚೀಟಿ ತೋರಿಸುವುದು ಒಳ್ಳೆಯದು.

ಇತಿ,
ರೋಗನಿರೋಧಕ ವಿಜ್ಞಾನ ಬೋಧಿಸುವ ಓದುಗರು